ಸಿಂದಗಿಯ ನೀಲಿ ತಂತಿ

ಕೊಲ್ಕತ್ತಾ
5 ಆಗಸ್ಟ್ 2024

ಮಡಿವಾಳಪ್ಪ ಕಾಕಾನಿಗೆ ಸಾಕ್ಷಿಯ ಜೈಭೀಮ್.

ಮುಟ್ಟಿದ ಮರುದಿನವೇ ಬರೆಯುತ್ತೇನೆಂದು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಮಾತು ಕೊಟ್ಟವಳು ಹತ್ತು ದಿನ ಕಳೆದ ಮೇಲೆ ಬರೆಯುತ್ತಿದ್ದೇನೆ. ಬೈಯಬೇಡಿ. ಫೋನಿನಲ್ಲಿ ನಿಮಗೆ ಕಿವಿ ಕೇಳುವುದಿಲ್ಲ, ಮೊಬೈಲಿನಲ್ಲಿ ಬರೆದರೆ ‘ಆ ಇರಿವಿ ಅಕ್ಷರಾ ಯಾರ ಓದಬೇಕು’ ಎನ್ನುತ್ತೀರಿ. ಹೀಗಾಗಿ ಈ ದೊಡ್ಡ ಊರಿನಲ್ಲಿ ಅಂಚೆ ಕಚೇರಿ ಹುಡುಕುತ್ತ ಒಂದು ಮಧ್ಯಾಹ್ನ ಪೂರ್ತಿ ಅಲೆದೆ.

ಇಲ್ಲಿಯ ಲ್ಯಾಬು ನೋಡಿದರೆ ನಿಮಗೆ ತಲೆ ತಿರುಗುತ್ತದೆ. ಗಾಜಿನ ಸಾಮಾನು ತೊಳೆಯುವುದಕ್ಕೇ ಒಂದು ಯಂತ್ರವಿದೆ. ನಿಮ್ಮಷ್ಟು ಚೊಕ್ಕ ತೊಳೆಯುವುದಿಲ್ಲ, ಅದು ಬೇರೆ ಮಾತು. ನನ್ನ ಗೈಡ್ ಘೋಷಾಲ ಮೇಡಂ ಸಣ್ಣ ಆಳು, ದೊಡ್ಡ ದನಿ. ಮಾರ್ಚಿನಲ್ಲಿ ಕಾರ್ಯಾಗಾರಕ್ಕೆಂದು ಇಲ್ಲಿಗೆ ಬಂದಾಗ ನಾನು ಜೇಬಿನಲ್ಲಿ ತಂದಿದ್ದ ಚಿಟಿಕೆ ನೀಲಿ ಪುಡಿಯನ್ನು ದೊಡ್ಡ ಸೂಕ್ಷ್ಮದರ್ಶಕದ ಕೆಳಗೆ ಇಡಿಸಿ, ‘ಇದನ್ನು ಎಲ್ಲಿ ಮಾಡಿದೆ’ ಎಂದು ಮೂರು ಸಲ ಕೇಳಿದವರು ಇವರೇ. ಸಿಂದಗಿಯ ಕಾಲೇಜಿನಲ್ಲಿ, ಹುಡುಗರಿಗೆ ಪಾಠ ಹೇಳಿ ಮುಗಿಸಿದ ಮೇಲೆ, ಒಂದು ಹಳೆಯ ಓವನ್ನಿನಲ್ಲಿ ಎಂದರೆ ನಂಬಲಿಲ್ಲ. ಆಮೇಲೆ ಸಂಶೋಧನೆಗೆ ಸೀಟು ಕೊಟ್ಟರು.

ಆ ಪುಡಿಯಲ್ಲಿ ಏನಿತ್ತೆಂದು ನೀವು ಎಷ್ಟು ಸಲ ಕೇಳಿದ್ದಿರಿ. ಈಗ ಸರಿಯಾಗಿ ಹೇಳುತ್ತೇನೆ. ಟಂಗ್‌ಸ್ಟನ್ ಎಂಬ ಲೋಹ ಆಮ್ಲಜನಕದ ಜೊತೆ ಸೇರಿ ಆದ ತಂತಿಗಳು ಅವು. ನಿಮ್ಮ ಮೀಸೆಯ ಒಂದು ಕೂದಲಿನ ಅಗಲದಲ್ಲಿ ಅಂಥ ತಂತಿಗಳನ್ನು ಮಗ್ಗುಲಿಗೆ ಮಗ್ಗುಲು ಎಂಬತ್ತು ಸಾವಿರ ಜೋಡಿಸಬಹುದು. ಅಷ್ಟು ಸಣ್ಣ ಇದ್ದರೆ ತಂತಿಯಲ್ಲಿ ‘ಒಳಗು’ ಎನ್ನುವುದೇ ಉಳಿಯುವುದಿಲ್ಲ, ಹೆಚ್ಚುಕಡಿಮೆ ಎಲ್ಲ ಪರಮಾಣುಗಳೂ ಹೊರಗೇ ಇರುತ್ತವೆ. ಒಣದ್ರಾಕ್ಷಿ ಇಡುವ ಶೀತಾಗಾರದಲ್ಲಿ ತಣಿಸಲು ಬಳಸುವ ಅಮೋನಿಯ ಅನಿಲ ಒಂದಿಷ್ಟು ಸೋರಿದರೂ ಮನುಷ್ಯನ ಮೂಗಿಗೆ ತಿಳಿಯುವ ಮೊದಲು ತಂತಿಗೆ ತಿಳಿಯುತ್ತದೆ.

ನಾನು ತಂದಿದ್ದ ಚಿಟಿಕೆ ಪರೀಕ್ಷೆಗಳಲ್ಲೇ ಮುಗಿಯಿತು. ಇನ್ನೊಮ್ಮೆ ಮಾಡಿ ತೋರಿಸಬೇಕು, ಅಷ್ಟೇ. ಲ್ಯಾಬ್ ಪುಸ್ತಕದಲ್ಲಿ ಆ ಪುಡಿ ಮಾಡಿದ ದಿನದ ಪುಟವನ್ನು ನೋಡಿ ಬರೆದು ಕಳಿಸಿ. ಉಳಿದಂತೆ ಎಲ್ಲ ಚೆನ್ನಾಗಿದೆ. ಮೀನಿನ ವಾಸನೆಗೆ ಇನ್ನೂ ಮೂಗು ಒಗ್ಗಿಲ್ಲ.

ನಿಮ್ಮ
ಸಾಕ್ಷಿ


ಸಿಂದಗಿ
14 ಆಗಸ್ಟ್ 2024

ತಂಗಿ ಸಾಕ್ಷಿಗೆ ಮಡಿವಾಳಪ್ಪನ ಶರಣು.

ನಿನ್ನ ಪತ್ರ ಮುಟ್ಟಿತು. ಪೋಸ್ಟ್‌ಮ್ಯಾನ್ ಸುಭಾಸ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ‘ಕಾಕಾ, ಕೋರ್ಟಿಂದ ಬಂದೈತೇನ್ರಿ’ ಎಂದ. ಈಗಿನ ಕಾಲದಲ್ಲಿ ಲಕೋಟೆ ಬಂತೆಂದರೆ ಯಾರೋ ಕೇಸು ಹಾಕಿರಬೇಕು ಎಂದು ಅವನ ತಿಳಿವಳಿಕೆ. ಕೊಲ್ಕತ್ತಾದಿಂದ ನಮ್ಮ ಹುಡುಗಿ ಬರೆದಿದ್ದಾಳೆ ಎಂದು ಎದೆ ಸೆಟೆಸಿ ಹೇಳಿದೆ.

ನೀನು ಹೋದ ಮೇಲೆ ಲ್ಯಾಬು ಬಿಕೋ ಎನ್ನುತ್ತಿದೆ. ಹೊಸದಾಗಿ ಬಂದ ಮೇಷ್ಟರು ಪಿಪೆಟ್ ಹಿಡಿಯುವುದನ್ನು ನೋಡಿದರೆ ನನಗೆ ಜೀವ ಬಾಯಿಗೆ ಬರುತ್ತದೆ. ವಾರಕ್ಕೆ ಎರಡು ಒಡೆಯುತ್ತಾರೆ. ಮೂವತ್ತು ವರ್ಷದಲ್ಲಿ ನಾನು ಒಡೆದದ್ದು ಒಟ್ಟು ಐದು.

ಪುಟ ಹೀಗಿದೆ: ‘8.1.2024, ಸೋಮವಾರ. ಟಂಗ್‌ಸ್ಟನ್ ಕ್ಲೋರೈಡ್ 60 ಮಿಲಿಗ್ರಾಂ. ಶುದ್ಧ ಎಥನಾಲ್ 40 ಮಿಲಿಲೀಟರ್. ಬೆರೆಸಿದ್ದು ಮುಂಜಾನೆ 10.30. ಉಕ್ಕಿನ ಡಬ್ಬಿ ಓವನ್ನಿಗೆ ಇಟ್ಟದ್ದು 11.00. 180 ಡಿಗ್ರಿ, 24 ಗಂಟೆ. ತಾನಾಗಿ ಆರಲು ಬಿಟ್ಟದ್ದು. ಬಣ್ಣ ಕಡುನೀಲಿ.’

ಬೆರೆಸಿದ ಹೊತ್ತಿನವರೆಗೆ ನಿನ್ನ ಅಕ್ಷರ, ಮುಂದಿನದು ನನ್ನದು. ಅವತ್ತು ನೀನು ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ನಿಮ್ಮ ಅವ್ವನ ಕಣ್ಣಿನ ಆಪರೇಶನ್ ಇದೆಯೆಂದು ಝಳಕಿಗೆ ಓಡಿದ್ದೆ. ತಿರುಗಿ ಬಂದದ್ದು ಗುರುವಾರ.

ಅಲ್ಲಿ ಜೋಳದ ರೊಟ್ಟಿ ಸಿಗುತ್ತದೆಯೋ ಇಲ್ಲವೋ ಬರೆದಿಲ್ಲ. ಅದನ್ನು ಮೊದಲು ಬರೆಯಬೇಕಿತ್ತು.

ಮಡಿವಾಳಪ್ಪ


ಕೊಲ್ಕತ್ತಾ
2 ಸೆಪ್ಟೆಂಬರ್ 2024

ಕಾಕಾ,

ರೊಟ್ಟಿ ಸಿಗುವುದಿಲ್ಲ. ತಂತಿಯೂ ಸಿಗುತ್ತಿಲ್ಲ.

ನೀವು ಬರೆದಂತೆ, ಅಕ್ಷರಕ್ಕೆ ಅಕ್ಷರ, ಮೂರು ಸಲ ಮಾಡಿದೆ. ಮೂರು ಸಲವೂ ನೀಲಿ ಪುಡಿ ಬಂತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೊಂಡು ಮೊಂಡು ಕಡ್ಡಿಗಳು, ನಮ್ಮ ತಂತಿಗಿಂತ ಇಪ್ಪತ್ತು ಪಟ್ಟು ದಪ್ಪ. ಅಂಥದ್ದನ್ನು ಯಾರು ಬೇಕಾದರೂ ಮಾಡುತ್ತಾರೆ, ಅದಕ್ಕೆ ನಾನು ಇಷ್ಟು ದೂರ ಬರಬೇಕಿರಲಿಲ್ಲ.

ಇಲ್ಲಿಯ ಗಾಳಿಯ ಮೇಲೆ ನನ್ನ ಸಂಶಯ. ಒಗೆದ ಬಟ್ಟೆ ಮೂರು ದಿನವಾದರೂ ಹಸಿ ಇರುತ್ತದೆ. ಈ ಕ್ಲೋರೈಡಿಗೆ ತೇವ ಕಂಡರೆ ಆಗುವುದಿಲ್ಲ, ಹೊಗೆ ಬಿಡುತ್ತದೆ. ಸಿಂದಗಿಯ ಜನವರಿಯ ಒಣಹವೆ ಇಲ್ಲಿ ಎಲ್ಲಿಂದ ತರಲಿ? ನಾಳೆಯಿಂದ ತೇವವಿಲ್ಲದ ಗಾಜಿನ ಪೆಟ್ಟಿಗೆಯೊಳಗೆ ಕೈ ಹಾಕಿ ಬೆರೆಸುತ್ತೇನೆ.

ನಿಮ್ಮಿಂದ ಎರಡು ಕೆಲಸ ಆಗಬೇಕು. ನಮ್ಮ ಓವನ್ನು 180 ಎಂದು ತೋರಿಸಿದಾಗ ಒಳಗೆ ನಿಜವಾಗಿ ಎಷ್ಟಿರುತ್ತದೆ, ನೋಡಿ. ನಮಗೆ ಡಬ್ಬಿ ಮಾಡಿಕೊಟ್ಟ ಮುದ್ದೇಬಿಹಾಳದ ಚಮನಸಾಬ ಅದಕ್ಕೆ ಯಾವ ಉಕ್ಕು ಹಾಕಿದ್ದರು, ಕೇಳಿ. ಪುಸ್ತಕಕ್ಕೆ ಏರದೆ ಬಿಟ್ಟುಹೋದದ್ದು ಏನಾದರೂ ನೆನಪಾದರೆ ಅದನ್ನೂ ಬರೆಯಿರಿ, ಎಷ್ಟೇ ಸಣ್ಣದಿರಲಿ.

ಚಿಂತೆ ಮಾಡಬೇಡಿ. ಅವಸರವೇನೂ ಇಲ್ಲ. ಮೇಡಂ ತುಂಬ ಸಮಾಧಾನದವರು.

ಸಾಕ್ಷಿ


ಸಿಂದಗಿ
16 ಸೆಪ್ಟೆಂಬರ್ 2024

ತಂಗಿ ಸಾಕ್ಷಿಗೆ ಶರಣು.

ಒಲೆಯನ್ನು ಪರೀಕ್ಷೆ ಮಾಡಿದೆ. ನೀನು ಓವನ್ ಎಂದರೂ ನನಗೆ ಅದು ಒಲೆಯೇ. ಮುಳ್ಳು 180 ತೋರಿಸಿದಾಗ ಒಳಗಿನ ಥರ್ಮಾಮೀಟರ್ 173 ತೋರಿಸುತ್ತದೆ. ನಾಲ್ಕು ಸಲ ನೋಡಿದೆ, ನಾಲ್ಕು ಸಲವೂ 173. ವಯಸ್ಸಾದರೂ ಅದಕ್ಕೆ ಒಂದೇ ಮಾತು.

ರಜೆ ಹಾಕಿ ಮುದ್ದೇಬಿಹಾಳಕ್ಕೂ ಹೋಗಿಬಂದೆ. ಚಮನಸಾಬ ಲೇಥಿನ ಮುಂದೆ ನಿಂತು ನಾಲತವಾಡದವರ ಪಂಪಿನ ಶಾಫ್ಟು ತಿರುವುತ್ತಿದ್ದ. ನಿನ್ನ ಡಬ್ಬಿಯ ಮಾತೆತ್ತಿದ ಕೂಡಲೇ ಲೇಥು ನಿಲ್ಲಿಸಿದ. ಯಾವ ಉಕ್ಕು ಎಂದು ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತು. ಹಾಲಿನ ಡೇರಿಗೆ ಹಾಕುವಂಥ ಒಳ್ಳೆ ಸ್ಟೇನ್‌ಲೆಸ್ ಸ್ಟೀಲು ಹಾಕಿದ್ದೇನೆ, ಸಂಶಯವಿದ್ದರೆ ಕೊಯ್ದು ನೋಡಿಕೊಳ್ಳಲಿ ಎಂದ. ಆಮೇಲೆ ತಣ್ಣಗಾಗಿ ಚಹಾ ಕುಡಿಸಿದ. ಅದೇ ತುಂಡಿನಲ್ಲಿ ಉಳಿದದ್ದು ಇದೆಯಂತೆ, ಅಂಥದೇ ಇನ್ನೊಂದು ಡಬ್ಬಿ ಮಾಡಿ ನಿನಗೆ ಕೊರಿಯರ್ ಮಾಡುತ್ತಾನೆ. ‘ನಮ್ಮ ಹುಡುಗಿ ಅಲ್ಲಿ ಸೋಲಬಾರ್ದ್ರಿ’ ಎಂದು ಎರಡು ಸಲ ಹೇಳಿದ.

ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ಕೇಳಿದ್ದೀ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದ್ದೇನೆ.

ಮಡಿವಾಳಪ್ಪ


ಕೊಲ್ಕತ್ತಾ
9 ಅಕ್ಟೋಬರ್ 2024

ಕಾಕಾ,

ಚಮನಸಾಬ ಅವರ ಡಬ್ಬಿ ಬಂತು. ಇಲ್ಲಿಯ ಹುಡುಗರು ಅದನ್ನು ಕೈಯಲ್ಲಿ ಹಿಡಿದು, ಯಾವ ಕಂಪನಿಯದು ಎಂದು ಕೇಳಿದರು. ಅದರಲ್ಲಿ ಮಾಡಿದೆ, 173ರಲ್ಲಿ ಮಾಡಿದೆ, ಒಣ ಪೆಟ್ಟಿಗೆಯಲ್ಲಿ ಬೆರೆಸಿ ಮಾಡಿದೆ. ಒಟ್ಟು ಹನ್ನೊಂದು ಸಲ ಆಯಿತು. ಹನ್ನೊಂದೂ ಮೊಂಡು ಕಡ್ಡಿ.

ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಕೆಟ್ಟನಿಸಿತು. ‘ಇದ್ದ ಹಾಗೆ ಬರೆದಿದ್ದೇನೆ’ ಎಂದು ನೀವು ಗಟ್ಟಿಸಿ ಹೇಳಬೇಕಾಯಿತಲ್ಲ, ನಾನು ನಿಮ್ಮನ್ನೇ ಅನುಮಾನಿಸಿದೆ ಎಂದು ತಿಳಿದಿರಾ? ಇಲ್ಲ ಕಾಕಾ. ನನ್ನ ಕೈಯ ಮೇಲೆ ನನಗೆ ನಂಬಿಕೆ ಹೋದರೂ ನಿಮ್ಮ ಆ ಪುಟದ ಮೇಲಿನದು ಹೋಗುವುದಿಲ್ಲ. ಪುಟ ಸರಿಯಿದೆ ಎಂದರೆ ತಪ್ಪು ನನ್ನಲ್ಲೇ ಇರಬೇಕು. ಅವತ್ತು ತೂಕ ತಪ್ಪಿರಬೇಕು, ಇಲ್ಲವೇ ನಾನು ಬೇರೆ ಬಾಟಲಿ ತೆಗೆದುಕೊಂಡಿರಬೇಕು. ಬಸ್ಸಿನ ಅವಸರದಲ್ಲಿದ್ದೆ. ಏನು ಮಾಡಿದೆನೋ ನನಗೇ ನೆನಪಿಲ್ಲ.

ಸ್ವಲ್ಪ ದಿನ ಪತ್ರ ಬರೆಯುವುದು ಆಗಲಿಕ್ಕಿಲ್ಲ. ಕೆಲಸ ಜಾಸ್ತಿ ಇದೆ.

ಸಾಕ್ಷಿ


ಸಿಂದಗಿ
4 ನವೆಂಬರ್ 2024

ತಂಗಿ ಸಾಕ್ಷಿಗೆ ಶರಣು.

ಈ ಪತ್ರವನ್ನು ಕೊನೆಯವರೆಗೆ ಓದು. ನಡುವೆ ಬಿಟ್ಟೇಳಬೇಡ.

ಹೋದ ಮಂಗಳವಾರ ಪರೀಕ್ಷೆಯ ಸಾಮಾನು ಒಯ್ಯಲು ಇಂಡಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಅವ್ವ ಮರೆವ್ವ ಸಿಕ್ಕಳು, ಅಂಗನವಾಡಿಯ ಮೀಟಿಂಗಿಗೆ ಬಂದಿದ್ದಳು. ನಾನು ಏನೂ ತಿಳಿಯದವನ ಹಾಗೆ, ಮಗಳು ಹೇಗಿದ್ದಾಳೆ ಎಂದು ನಗುತ್ತ ಕೇಳಿದೆ. ಅವಳು ಗಟ್ಟಿ ಹೆಣ್ಣುಮಗಳು, ಅಂಥವಳೇ ಕಣ್ಣಲ್ಲಿ ನೀರು ತಂದಳು. ನನ್ನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲ ಹೇಳಿದಳು. ಸೂಕ್ಷ್ಮದರ್ಶಕದಲ್ಲಿ ತೆಗೆದ ತಂತಿಯ ಫೋಟೊ ನಿನ್ನದಲ್ಲ, ಬೇರೆ ಯಾರದೋ ಪುಡಿಯದು ಎಂದು ಅಲ್ಲಿ ದೊಡ್ಡವರೊಬ್ಬರು ಎಲ್ಲರ ಎದುರಿಗೆ ಅಂದರಂತೆ. ಡಿಸೆಂಬರ್ ಹನ್ನೆರಡಕ್ಕೆ ಕಮಿಟಿ ಕೂಡುತ್ತದಂತೆ, ಅಷ್ಟರೊಳಗೆ ತಂತಿ ಮಾಡಿ ತೋರಿಸದಿದ್ದರೆ ಸೀಟು ಹೋಗುತ್ತದಂತೆ. ‘ಸುಳ್ಳಿ ಅಂತ ಹೆಸರ ಹೊತ್ತು ಬರ್ತಾಳ್ರಿ ನನ್ನ ಮಗಳು’ ಎಂದಳು ಮರೆವ್ವ. ಅದನ್ನು ಕೇಳಿ ನನಗೆ ನಿಂತ ನೆಲ ಬಿರಿದರೆ ಸಾಕು ಎನಿಸಿತು.

ಅವಸರವೇನೂ ಇಲ್ಲ ಎಂದು ಬರೆದಿದ್ದೆಯಲ್ಲವೇ ನೀನು. ಇಷ್ಟು ದೊಡ್ಡದನ್ನು ನನ್ನಿಂದ ಮುಚ್ಚಿಟ್ಟೆ. ಆದರೆ ನಿನ್ನನ್ನು ಬೈಯುವ ಬಾಯಿ ನನಗಿಲ್ಲ.

ಸುಳ್ಳು ಬರೆದವನು ನಾನು.

ನಮ್ಮದು ಬಸವನ ಬಾಗೇವಾಡಿ ಕಡೆಯ ಮಸಬಿನಾಳ. ಸೋಮವಾರ ಬಸವಣ್ಣನ ವಾರ, ಅವತ್ತು ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತುವ ಹದ ಹೋಗುತ್ತಿದ್ದರೂ ನಮ್ಮ ಅಪ್ಪ ಇಟ್ಟವನಲ್ಲ. ನಾನು ಹೊಲ ಬಿಟ್ಟು ಈ ನೌಕರಿಗೆ ಬಂದೆ. ಇಲ್ಲಿ ನನ್ನ ಕೈಯಲ್ಲಿ ದುಡಿಯುವುದು ಏನಿದೆ? ಆ ಒಲೆಯೊಂದೇ. ಬಂದ ವರ್ಷದಿಂದ ಸೋಮವಾರ ಅದನ್ನು ಹಚ್ಚಿಲ್ಲ. ಹಿಂದೊಬ್ಬ ಮೇಷ್ಟರು ಇದನ್ನು ತಿಳಿದು ಹುಡುಗರ ಮುಂದೆ, ‘ಒಲೆಗೂ ವಾರ ಹಿಡಿಸಿದನೋ ಮಡಿವಾಳಪ್ಪ’ ಎಂದು ಹೊಟ್ಟೆ ಹಿಡಿದು ನಕ್ಕಿದ್ದರು. ಅವತ್ತಿನಿಂದ ಯಾರಿಗೂ ಹೇಳುವುದನ್ನು ಬಿಟ್ಟೆ. ಸೋಮವಾರದ ಕೆಲಸವನ್ನು ಶನಿವಾರವೇ ಮುಗಿಸುತ್ತೇನೆ, ಇಲ್ಲವೇ ಮಂಗಳವಾರಕ್ಕೆ ತಳ್ಳುತ್ತೇನೆ. ಯಾರಿಗೂ ಗೊತ್ತಾಗಿಲ್ಲ.

ನೀನು ಡಬ್ಬಿ ಕೊಟ್ಟದ್ದು ಸೋಮವಾರ. ನಿನಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ, ನೀನೂ ನಗುತ್ತೀ ಎಂದುಕೊಂಡೆ. ಹೂಂ ಎಂದು ತೆಗೆದುಕೊಂಡೆ. ನೀನು ಅತ್ತ ಬಸ್ಸು ಹತ್ತಿದ ಮೇಲೆ ಡಬ್ಬಿಯನ್ನು ಒರೆಸಿ, ಬಡಗಣ ಕಿಟಕಿಯ ಕೆಳಗಿನ ಹಾಸುಗಲ್ಲಿನ ಮೇಲೆ ಇಟ್ಟೆ. ಮಂಗಳವಾರ ಮುಂಜಾನೆ ಹನ್ನೊಂದಕ್ಕೆ ಒಲೆಯಲ್ಲಿಟ್ಟೆ, ಬುಧವಾರ ಹನ್ನೊಂದಕ್ಕೆ ಆರಿಸಿದೆ. ಪುಸ್ತಕದಲ್ಲಿ ಮಾತ್ರ ನೀನು ಹೇಳಿದ ಹೊತ್ತನ್ನೇ ಬರೆದೆ. ಒಂದು ದಿನ ಸುಮ್ಮನೆ ಕೂತರೆ ಡಬ್ಬಿಗೇನಾಗುತ್ತದೆ ಎಂದು ನನ್ನ ಅಡ್ಡ ಬುದ್ಧಿ.

ಈ ಒಂದು ದಿನದಿಂದ ಏನಾದರೂ ಆಗುತ್ತದೆಯೋ ಇಲ್ಲವೋ ನನಗೆ ತಿಳಿಯದು. ಆದರೆ ‘ಪುಟ ಸರಿಯಿದೆ’ ಎಂದು ನೀನು ಬರೆದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ಆಗಲೇ ಹೇಳಬೇಕಿತ್ತು. ಎರಡು ವರ್ಷ ನೌಕರಿ ಉಳಿದಿದೆ, ಸುಳ್ಳು ಬರೆದನೆಂದು ಮೆಮೊ ಬಂದೀತು ಎಂದು ಹೆದರಿದೆ. ನಾಚಿಕೆಯೂ ಆಯಿತು. ತಪ್ಪಾಯಿತು ತಂಗಿ.

ಮಡಿವಾಳಪ್ಪ


ಕೊಲ್ಕತ್ತಾ
21 ನವೆಂಬರ್ 2024

ಕಾಕಾ,

ನಿಮ್ಮ ಪತ್ರ ಓದಿ ನಾನು ಮೊದಲು ಮಾಡಿದ ಕೆಲಸ ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೆದದ್ದು. ಮೂರು ತಿಂಗಳು, ಹನ್ನೊಂದು ಸಲ! ನಾನು ಹುಚ್ಚಿಯ ಹಾಗೆ ಗಾಳಿಯನ್ನು, ಉಕ್ಕನ್ನು, ಅಮಾಯಕ ಚಮನಸಾಬರನ್ನು ಅನುಮಾನಿಸುತ್ತ ಕೂತಿದ್ದೆ. ನೀವು ಎದುರಿಗಿದ್ದರೆ ಜಗಳ ತೆಗೆದು ಊರು ಕೂಡಿಸುತ್ತಿದ್ದೆ. ಅಂಥ ಬಿರುನುಡಿಗಳನ್ನು ಝಳಕಿಯ ಹೈವೇ ಮೇಲೆ ಲಾರಿಯವರ ಬಾಯಲ್ಲೂ ನೀವು ಕೇಳಿರಲಿಕ್ಕಿಲ್ಲ.

ಹತ್ತು ನಿಮಿಷ ಬಿಟ್ಟು ಹೋಗಿ ಅದನ್ನು ಎತ್ತಿಕೊಂಡು, ನೆಲದ ಮೇಲೆ ಒತ್ತಿ ಸಪಾಟು ಮಾಡಿ, ಇನ್ನೊಮ್ಮೆ ಓದಿದೆ. ಆಮೇಲೆ ಲ್ಯಾಬಿಗೆ ಓಡಿದೆ.

ಐದು ಡಬ್ಬಿ ತುಂಬಿದೆ. ಒಂದನ್ನು ಕೂಡಲೇ ಓವನ್ನಿಗೆ ಇಟ್ಟೆ. ಉಳಿದವನ್ನು ಆರು, ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು ಗಂಟೆ ಸುಮ್ಮನೆ ಕೂರಿಸಿ ಆಮೇಲೆ ಇಟ್ಟೆ. ಒಂದು ಡಬ್ಬಿಯಷ್ಟು ದ್ರಾವಣವನ್ನು ಗಾಜಿನ ಸೀಸೆಯಲ್ಲಿ ಮುಚ್ಚಿ ಎದುರಿಗೆ ಇಟ್ಟುಕೊಂಡು ಕೂತೆ. ಮೊದಲು ಅರಿಸಿನದ ನೀರಿನ ಹಾಗಿತ್ತು. ಮಧ್ಯಾಹ್ನಕ್ಕೆ ತಿಳಿಯಾಯಿತು. ಮರುದಿನ ಮುಂಜಾನೆ, ಬಿಳಿ ಬಟ್ಟೆ ತೊಳೆದು ಕೊನೆಗೆ ನೀಲಿಯಲ್ಲಿ ಅದ್ದುತ್ತೇವಲ್ಲ, ಆ ನೀರಿನ ಹಾಗೆ ನಸುನೀಲಿ. ನೋಡಿ ಕಾಕಾ, ಹನ್ನೊಂದು ಸಲದಲ್ಲಿ ನಾನು ಈ ಬಣ್ಣಕ್ಕೆ ಬರುವ ಅವಕಾಶವನ್ನೇ ಕೊಟ್ಟಿರಲಿಲ್ಲ. ಬೆರೆಸಿದ ಅರ್ಧ ಗಂಟೆಗೆ ಒಯ್ದು ಬೇಯಿಸಿಬಿಡುತ್ತಿದ್ದೆ.

ಮೊನ್ನೆ ಹತ್ತೊಂಬತ್ತಕ್ಕೆ ಸೂಕ್ಷ್ಮದರ್ಶಕ ಸಿಕ್ಕಿತು. ಕೂರಿಸದೇ ಇಟ್ಟದ್ದು ಮೊಂಡು ಕಡ್ಡಿ. ಆರು ಗಂಟೆಯದು ಸ್ವಲ್ಪ ಸಣ್ಣ. ಹನ್ನೆರಡರದು ಅರ್ಧ ಕಡ್ಡಿ, ಅರ್ಧ ತಂತಿ. ಇಪ್ಪತ್ತನಾಲ್ಕರದು ಪರದೆಯ ಮೇಲೆ ಬಂತು. ತಂತಿ, ಕಾಕಾ! ಪರದೆಯ ಈ ತುದಿಯಿಂದ ಆ ತುದಿಗೆ ತಂತಿಯೇ ತಂತಿ. ಅಗಲ ಅಳೆದೆ: ಒಂದು ನ್ಯಾನೊಮೀಟರ್, ಒಂದು, ಒಂದಕ್ಕಿಂತ ಕೂದಲೆಳೆ ಕಡಿಮೆ, ಮತ್ತೆ ಒಂದು. ಅಡ್ಡಕ್ಕೆ ಪರಮಾಣುಗಳನ್ನು ಬೆರಳಿಟ್ಟು ಎಣಿಸಬಹುದಿತ್ತು. ಘೋಷಾಲ ಮೇಡಂ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ನಾನು ಹೋ ಎಂದು ಅತ್ತೆ. ಯಂತ್ರ ನಡೆಸುವವರು ಗಾಬರಿಯಾಗಿ ನೀರು ತಂದುಕೊಟ್ಟರು.

ಏನಾಗುತ್ತದೆ ಎಂದರೆ, ಸುಮ್ಮನೆ ಕೂತ ಆ ಒಂದು ದಿನದಲ್ಲಿ ಎಥನಾಲು ನಿಧಾನವಾಗಿ ಕ್ಲೋರಿನ್ನನ್ನು ಬಿಡಿಸಿ, ಒಂದೇ ಅಳತೆಯ ಬೀಜಗಳನ್ನು ಕಟ್ಟುತ್ತದೆ. ಬೀಜ ಸಮ ಇದ್ದರೆ ತಂತಿಯೂ ಸಮ ಬೆಳೆಯುತ್ತದೆ. ಅವಸರದಲ್ಲಿ ಬೇಯಿಸಿದರೆ ಒಂದು ಸಣ್ಣ, ಒಂದು ದೊಡ್ಡ ಬೀಜ ಕಟ್ಟಿ ದಪ್ಪ ಕಡ್ಡಿಯಾಗುತ್ತದೆ. ನಲವತ್ತೆಂಟು ಗಂಟೆಯದು ಮತ್ತೆ ಕೆಟ್ಟಿತ್ತು, ಎಲ್ಲ ಗಂಟುಗಂಟು. ಸರಿಯಾಗಿ ಒಂದೇ ದಿನದ ಬಿಡುವು ಬೇಕು.

ನಾನು ಮುಚ್ಚಿಟ್ಟದ್ದೂ ತಪ್ಪೇ. ಮೇಡಂ ಸಮಾಧಾನದವರಲ್ಲ. ಸೆಪ್ಟೆಂಬರಿನಲ್ಲೇ ನಿಮಗೆ ನಿಜ ಬರೆದಿದ್ದರೆ ನೀವೂ ಆಗಲೇ ಬಾಯಿ ಬಿಡುತ್ತಿದ್ದಿರಿ. ನೀವು ಕೊರಗುತ್ತೀರಿ ಎಂದು ಬರೆಯಲಿಲ್ಲ.

ಈಗ ಹೊಟ್ಟೆ ತುಂಬ ಊಟ ಮಾಡಿ ಕಾಕಾ. ನಾನೂ ಮಾಡುತ್ತಿದ್ದೇನೆ, ಮೀನು ಸಮೇತ.

ಸಾಕ್ಷಿ


ಸಿಂದಗಿ
29 ನವೆಂಬರ್ 2024

ತಂಗಿ ಸಾಕ್ಷಿಗೆ ಶರಣು.

ಪತ್ರವನ್ನು ನಿಂತಲ್ಲೇ ಓದಿದೆ. ಸುಭಾಸ ಇನ್ನೂ ಬಾಗಿಲಲ್ಲೇ ಇದ್ದ, ನನ್ನ ಮುಖ ನೋಡಿ ‘ಕೇಸ್ ಗೆದ್ದೀರೇನ್ರಿ ಕಾಕಾ’ ಎಂದ. ಗೆದ್ದೆವು ಎಂದು ಹೇಳಿ ಅವನ ಕೈಗೆ ಬೆಲ್ಲ ಇಟ್ಟೆ. ಮುದ್ದೇಬಿಹಾಳಕ್ಕೂ ಹೇಳಿಕಳಿಸಿದ್ದೇನೆ. ಚಮನಸಾಬ ತನ್ನ ಉಕ್ಕಿನ ಹೆಸರು ಉಳಿಯಿತೆಂದು ಖುಷಿಯಾಗಿದ್ದಾನೆ.

ಒಂದು ಮಾತು ನಡೆಸಿಕೊಡು. ಕಮಿಟಿಯ ಮುಂದೆ ಸೋಮವಾರದ ಸುದ್ದಿ ತೆಗೆಯಬೇಡ. ಇಪ್ಪತ್ತನಾಲ್ಕು ಗಂಟೆ ಕೂರಿಸಬೇಕೆಂದು ನೀನೇ ಕಂಡುಹಿಡಿದೆ ಎಂದು ಹೇಳು. ಅದು ನಿಜವೇ ಆಗಿದೆ, ಐದು ಡಬ್ಬಿ ಇಟ್ಟವಳು ನೀನು. ಅಷ್ಟು ಓದಿದವರು ಕೂತ ಕಡೆ, ಒಲೆಗೆ ವಾರ ಹಿಡಿಸಿದ ಮುದುಕನ ಕಥೆ ಕೇಳಿ ನಗುವುದು ಬೇಡ. ನನ್ನನ್ನು ನೋಡಿ ನಕ್ಕರೆ ನಡೆದೀತು. ನಿನ್ನನ್ನು ನೋಡಿ ನಗಬಾರದು.

ಮಡಿವಾಳಪ್ಪ


ಕೊಲ್ಕತ್ತಾ
13 ಡಿಸೆಂಬರ್ 2024

ಕಾಕಾ,

ನಿಮ್ಮ ಮಾತು ನಡೆಸಿಕೊಡಲಿಲ್ಲ.

ನಿನ್ನೆ ಕಮಿಟಿಯಲ್ಲಿ ಏಳು ಜನ ಇದ್ದರು. ಫೋಟೊ ನನ್ನದಲ್ಲ ಎಂದವರು ನಡುವೆ ಕೂತಿದ್ದರು. ಅವರೇ ಹೇಳಿದ ಡಬ್ಬಿ, ಅವರೇ ತೂಗಿಸಿದ ಪುಡಿ, ಅವರ ವಿದ್ಯಾರ್ಥಿಯ ಕೈಯಲ್ಲೇ ಮಾಡಿಸಿದ್ದ ತಂತಿಯ ಚಿತ್ರ ತೋರಿಸಿದೆ. ಅಳತೆಯೂ ಒಂದೇ, ಬಣ್ಣವೂ ಒಂದೇ. ಬಹಳ ಹೊತ್ತು ನೋಡಿ ಕತ್ತು ಎತ್ತಿದರು. ಮೊದಲು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುತ್ತೇನೆ, ಅದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಎಂದರು. ಸೀಟು ಉಳಿಯಿತು. ಬರೀ ಉಳಿದದ್ದಲ್ಲ, ಅಮೋನಿಯದ ಪರೀಕ್ಷೆಗೆ ಬೇರೆ ಕೋಣೆಯನ್ನೇ ಕೊಟ್ಟರು.

ಆಮೇಲೆ ಅವರೇ ಕೇಳಿದರು, ಒಂದು ದಿನ ಕೂರಿಸಬೇಕು ಎನ್ನುವುದು ನಿನಗೆ ಹೇಗೆ ಹೊಳೆಯಿತು ಎಂದು. ನನಗೆ ಹೊಳೆಯಲಿಲ್ಲ ಕಾಕಾ. ಹೊಳೆಯಿತು ಎಂದರೆ ಮತ್ತೊಂದು ಸುಳ್ಳು ತಾರೀಖು ಬರೆದ ಹಾಗೆ ಆಗುತ್ತಿತ್ತು. ನಮ್ಮ ಲ್ಯಾಬಿನ ಮಡಿವಾಳಪ್ಪನವರು ಸೋಮವಾರ ಓವನ್ ಹಚ್ಚುವುದಿಲ್ಲ, ಅದಕ್ಕೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಇಬ್ಬರು ನಕ್ಕರು, ಹೌದು. ಮೇಡಂ ನಗಲಿಲ್ಲ. ಇಲ್ಲಿ ಎಷ್ಟೋ ಜನ ಸಂಶೋಧಕರು ಏಳೂ ದಿನ ಓವನ್ ಹಚ್ಚಿ ಮೊಂಡು ಕಡ್ಡಿ ಮಾಡುತ್ತಿದ್ದಾರೆ ಎಂದರು.

ನನಗೆ ಸೋಮವಾರದಲ್ಲಿ ಈಗಲೂ ನಂಬಿಕೆ ಇಲ್ಲ. ನೀವು ಯಾರು ನಕ್ಕರೂ ಬಿಡದೆ ಮೂವತ್ತು ವರ್ಷ ಒಂದು ಮಾತಿಗೆ ನಿಂತಿರಲ್ಲ, ಅದರಲ್ಲಿ ಇದೆ.

ಇದರೊಳಗೆ ಒಂದು ಫಾರ್ಮ್ ಇಟ್ಟಿದ್ದೇನೆ. ಪ್ರಬಂಧದಲ್ಲಿ ಮೂರು ಹೆಸರು: ಸಾಕ್ಷಿ, ಮಡಿವಾಳಪ್ಪ ಮಸಬಿನಾಳ, ಘೋಷಾಲ. ಸಹಿ ಹಾಕಿ ಕಳಿಸಿ. ಇಲ್ಲ ಎಂದರೆ ಪ್ರಬಂಧ ಹೊರಡುವುದಿಲ್ಲ, ಮೇಡಂ ಹಾಗೆಂದು ಹಟ ಹಿಡಿದಿದ್ದಾರೆ. ನಾನೂ ಹಿಡಿದಿದ್ದೇನೆ.

ಸಾಕ್ಷಿ


ಕೊಲ್ಕತ್ತಾ
24 ನವೆಂಬರ್ 2025

ಕಾಕಾ,

ಫಾರ್ಮಿಗೆ ಸಹಿ ಹಾಕಿ, ಜೊತೆಗೆ ಒಂದು ಅಕ್ಷರವೂ ಬರೆಯದೆ ಲಕೋಟೆ ಮುಚ್ಚಿ ಕಳಿಸಿದಿರಿ. ಜುಲೈಯಲ್ಲಿ ಪ್ರಬಂಧ ಅಚ್ಚಾಗಿ ಬಂದಾಗ ಪ್ರತಿ ಕಳಿಸಿದೆ. ಅದಕ್ಕೆ ‘ಮುಟ್ಟಿತು, ಕಾಗದ ನುಣುಪಾಗಿದೆ’ ಎಂದು ಒಂದೇ ಸಾಲು. ಕಾಲೇಜಿನಲ್ಲಿ ಅದನ್ನು ಯಾರಿಗೂ ತೋರಿಸಿಲ್ಲ, ಟ್ರಂಕಿನಲ್ಲಿ ಇಟ್ಟು ಕೀಲಿ ಹಾಕಿದ್ದೀರಿ ಎಂದು ಅವ್ವ ಹೇಳಿದಳು. ಇನ್ನೂ ನಾಚಿಕೆಯೇ?

ಈಗ ಕೇಳಿ. ಜಪಾನಿನಲ್ಲಿ ಸೆಂಡೈ ಎಂಬ ಊರಿದೆ. ಅಲ್ಲಿ ಮೊರಿತಾ ಎಂಬ ವಿಜ್ಞಾನಿ ನಮ್ಮ ಪ್ರಬಂಧ ಓದಿ, ನಮ್ಮನ್ನು ಒಂದು ಮಾತೂ ಕೇಳದೆ ತಮ್ಮ ಲ್ಯಾಬಿನಲ್ಲಿ ಮಾಡಿ ನೋಡಿದ್ದಾರೆ. ಮೊದಲ ಸಲಕ್ಕೇ ತಂತಿ ಬಂದಿದೆ! ಚಿತ್ರ ಕಳಿಸಿದ್ದಾರೆ. ನಾನಿಲ್ಲ, ನೀವಿಲ್ಲ, ಚಮನಸಾಬರ ಡಬ್ಬಿಯಿಲ್ಲ, ಆದರೂ ಬಂದಿದೆ. ಇನ್ನು ಮುಂದೆ ಅದು ಸುಳ್ಳು ಎನ್ನುವ ಧೈರ್ಯ ಯಾರಿಗೂ ಇಲ್ಲ.

ಅವರು ಮೂರು ಪ್ರಶ್ನೆ ಕೇಳಿದ್ದಾರೆ. ಬಿಡುವು ಕೊಟ್ಟದ್ದು ಯಾರೆಂದು ಪ್ರಬಂಧದಲ್ಲಿ ಬರೆದಿದ್ದೇವಲ್ಲ, ಹಾಗಾಗಿ ಪತ್ರ ‘ಡಾಕ್ಟರ್ ಮಡಿವಾಳಪ್ಪ’ ಅವರ ಹೆಸರಿಗೇ ಇದೆ. ಡಬ್ಬಿಯನ್ನು ಇಟ್ಟದ್ದು ಎಲ್ಲಿ, ಅಲ್ಲಿಯ ಉಷ್ಣತೆ ಎಷ್ಟಿತ್ತು, ಇಪ್ಪತ್ತನಾಲ್ಕು ಗಂಟೆಯನ್ನೇ ಆರಿಸಿದ್ದು ಏಕೆ. ಉತ್ತರ ನನಗೆ ಗೊತ್ತು. ಆದರೆ ನಾನು ಬರೆಯುವುದಿಲ್ಲ. ಪತ್ರ ನಿಮಗೆ ಬಂದಿದೆ, ನೀವೇ ಬರೆಯಬೇಕು. ಇಂಗ್ಲಿಷಿಗೆ ತಿರುಗಿಸುವುದು ಮಾತ್ರ ನನ್ನ ಕೆಲಸ.

ಸಾಕ್ಷಿ


ಸಿಂದಗಿ
20 ಜನವರಿ 2026

ಮಾನ್ಯ ಮೊರಿತಾ ಅವರಿಗೆ ಸಿಂದಗಿಯಿಂದ ಮಡಿವಾಳಪ್ಪನ ಶರಣು.

ತಡವಾಯಿತು, ಕ್ಷಮಿಸಿ. ಜನವರಿ ಬರುವವರೆಗೆ ಕಾಯಬೇಕಾಯಿತು. ನನಗೆ ಇಂಗ್ಲಿಷ್ ಬರೆಯಲು ಬರುವುದಿಲ್ಲ, ಸಾಕ್ಷಿ ತಿರುಗಿಸಿ ಕಳಿಸುತ್ತಾಳೆ. ಒಂದು ಮಾತನ್ನೂ ಬಿಡಬಾರದೆಂದು ಅವಳಿಗೆ ಹೇಳಿದ್ದೇನೆ.

ಡಬ್ಬಿಯನ್ನು ಇಟ್ಟದ್ದು ಬಡಗಣ ಕಿಟಕಿಯ ಕೆಳಗೆ, ಕಪ್ಪು ಹಾಸುಗಲ್ಲಿನ ಮೇಲೆ. ಬಿಸಿಲು ಅಲ್ಲಿಗೆ ಬರುವುದಿಲ್ಲ.

ಅವತ್ತಿನ ಉಷ್ಣತೆಯನ್ನು ನಾನು ಅಳೆದಿಲ್ಲ. ಅಳೆಯದ್ದನ್ನು ಹೇಳುವುದಿಲ್ಲ. ಆದ್ದರಿಂದ ಈ ತಿಂಗಳು ಹನ್ನೆರಡನೆಯ ತಾರೀಖು, ಸೋಮವಾರ, ಅದೇ ಕಲ್ಲಿನ ಮೇಲೆ ಅದೇ ಡಬ್ಬಿಯಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ. ಮುಂಜಾನೆ 11ಕ್ಕೆ 22 ಡಿಗ್ರಿ, ಮಧ್ಯಾಹ್ನ 2ಕ್ಕೆ 26, ಸಂಜೆ 5ಕ್ಕೆ 25, ಮರುದಿನ ಮುಂಜಾನೆ 8ಕ್ಕೆ 17, 11ಕ್ಕೆ 22. ನಡುವಿನದು ಗೊತ್ತಿಲ್ಲ, ಕಾಲೇಜಿಗೆ ಕೀಲಿ ಹಾಕಿರುತ್ತದೆ. ನಾನು ಏನು ಮಾಡುತ್ತಿದ್ದೇನೆಂದು ಹುಡುಗರು ಸುತ್ತ ನೆರೆದು ಕೇಳಿದರು. ನಿಮ್ಮ ಪತ್ರ ತೋರಿಸಿದೆ, ಪ್ರಬಂಧವನ್ನೂ ತಂದು ತೋರಿಸಿದೆ.

ಮೂರನೆಯ ಪ್ರಶ್ನೆ. ಇಪ್ಪತ್ತನಾಲ್ಕು ಗಂಟೆಯನ್ನು ನಾನು ಆರಿಸಲಿಲ್ಲ. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ವಾರವಿಡೀ ದುಡಿದ ಜೀವಕ್ಕೆ ಒಂದು ದಿನ ಬಿಡುವು. ನನ್ನ ಕೈಯಲ್ಲಿ ಮೂವತ್ತು ವರ್ಷ ದುಡಿದದ್ದು ಈ ಒಲೆ. ಅದಕ್ಕೂ ಬಿಡುವು ಕೊಟ್ಟೆ. ಕೊಟ್ಟದ್ದನ್ನು ಮುಚ್ಚಿಟ್ಟು ಪುಸ್ತಕದಲ್ಲಿ ಬೇರೆ ದಿನ ಬರೆದೆ. ಅದರಿಂದ ಒಬ್ಬ ಹುಡುಗಿ ಮೂರು ತಿಂಗಳು ಸುಳ್ಳಿ ಎನಿಸಿಕೊಂಡಳು. ಮುಚ್ಚಿಟ್ಟದ್ದು ತಪ್ಪು. ಬಿಡುವು ಕೊಟ್ಟದ್ದು ತಪ್ಪಲ್ಲ.

ಕೊನೆಯದಾಗಿ, ನೀವು ನನ್ನನ್ನು ಡಾಕ್ಟರ್ ಎಂದು ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಮುಂದಿನ ಪತ್ರಕ್ಕೆ ಕೆಳಗಿನ ಹಾಗೆ ವಿಳಾಸ ಬರೆಯಿರಿ, ತಪ್ಪದೆ ಮುಟ್ಟುತ್ತದೆ.

ಮಡಿವಾಳಪ್ಪ ಮಸಬಿನಾಳ
ಅಟೆಂಡರ್, ರಸಾಯನಶಾಸ್ತ್ರ ವಿಭಾಗ
ಸಿಂದಗಿ